ವ್ಲಾದಿಮಿರ್ ಮಕೇಯ್, ಬೆಲಾರೂಸ್ ವಿದೇಶಾಂಗ ಸಚಿವ (2012–2022): ಲೇಖನದ ಕರಡು, ತಿದ್ದುಪಡಿ ಬೇಕು

ತುಂಗಾತೀರ

ಪೂರ್ವ ಯುರೋಪಿನ ರಾಜತಾಂತ್ರಿಕರ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದೇ ಅಪರೂಪ. ಬೆಲಾರೂಸಿನ ಮಕೇಯ್ ಬಗ್ಗೆ ಒಂದು ಲೇಖನದ ಕರಡು ಸಿದ್ಧವಾಗಿದೆ. ಅದರ ಸಾರ ಇಷ್ಟು:

"ಮಕೇಯ್ ಮಿನ್ಸ್ಕ್ ನಗರದಲ್ಲಿ ಹುಟ್ಟಿದರು. ಮೊದಲಿನಿಂದಲೂ ವಿದೇಶಾಂಗ ಸೇವೆಯಲ್ಲಿದ್ದವರು. 2012ರಲ್ಲಿ ವಿದೇಶಾಂಗ ಸಚಿವರಾದರು. 2013ರಲ್ಲಿ ಯುರೋಪಿಯನ್ ಒಕ್ಕೂಟ ಅವರ ಮೇಲಿನ ನಿರ್ಬಂಧ ತೆಗೆದುಹಾಕಿತು. 2015ರಲ್ಲಿ ಅವರು ಮಿನ್ಸ್ಕ್ ಒಪ್ಪಂದಕ್ಕೆ ಸಹಿ ಹಾಕಿದರು. 2020ರವರೆಗೆ ಪಶ್ಚಿಮದ ಪರ, ಆಮೇಲೆ ರಷ್ಯಾ ಪರ ನಿಂತರು. 2022ರಲ್ಲಿ ನಿಧನರಾದರು."

ತಪ್ಪು ಕಂಡಲ್ಲಿ ಮುಲಾಜಿಲ್ಲದೆ ಹೇಳಿ. ಸಾಧ್ಯವಾದರೆ ಕಾರಣವನ್ನೂ ಬರೆಯಿರಿ.

ಕಡತಪ್ರಿಯ

ಒಂದೊಂದಾಗಿ ನೋಡೋಣ ಸರ್. ಹುಟ್ಟಿದ್ದು ಮಿನ್ಸ್ಕಿನಲ್ಲಿ ಅಲ್ಲ. 1958ರ ಆಗಸ್ಟ್ 5ರಂದು, ಗ್ರೋದ್ನೊ ಪ್ರಾಂತ್ಯದ ಕರೇಲಿಚಿ ಜಿಲ್ಲೆಯ ನೆಕ್ರಾಶೆವಿಚಿ ಎಂಬ ಹಳ್ಳಿಯಲ್ಲಿ. ಇದನ್ನು ಸಣ್ಣ ತಪ್ಪು ಎಂದು ಬಿಡಬೇಡಿ. ಗ್ರೋದ್ನೊ ದೇಶದ ಪಶ್ಚಿಮದ ಅಂಚು, ಪೋಲೆಂಡ್ ಮತ್ತು ಲಿಥುವೇನಿಯಾಕ್ಕೆ ಹೊಂದಿಕೊಂಡ ಪ್ರಾಂತ್ಯ. 1921ರಿಂದ 1939ರವರೆಗೆ ಈ ಕಡೆಯ ಊರುಗಳೆಲ್ಲ ಪೋಲೆಂಡಿನ ಆಡಳಿತದಲ್ಲಿದ್ದವು.

"ಮೊದಲಿನಿಂದಲೂ ವಿದೇಶಾಂಗ ಸೇವೆ" ಎಂಬುದು ಪೂರ್ತಿ ತಪ್ಪು. 1980ರಲ್ಲಿ ಅವರು ಮಿನ್ಸ್ಕಿನ ವಿದೇಶಿ ಭಾಷೆಗಳ ಶಿಕ್ಷಣ ಸಂಸ್ಥೆಯಲ್ಲಿ ಪದವಿ ಮುಗಿಸಿದರು. ಜರ್ಮನ್ ಮತ್ತು ಇಂಗ್ಲಿಷ್ ಬರುತ್ತಿತ್ತು. ಆಮೇಲೆ 1992ರವರೆಗೆ, ಅಂದರೆ ಹನ್ನೆರಡು ವರ್ಷ, ಸೈನ್ಯದಲ್ಲಿದ್ದರು. ಮುಂದೆ ಮೀಸಲು ಪಡೆಯ ಕರ್ನಲ್ ಎಂದೇ ಅವರ ಗುರುತು. ಸೋವಿಯತ್ ಒಕ್ಕೂಟ ಒಡೆದ ಮೇಲೆ ವಿಯೆನ್ನಾದ ರಾಜತಾಂತ್ರಿಕ ಅಕಾಡೆಮಿಗೆ ಹೋದರು, 1993ರಲ್ಲಿ ಅಲ್ಲಿನ ತರಬೇತಿ ಮುಗಿಯಿತು. ವಿದೇಶಾಂಗ ಸಚಿವಾಲಯದ ಕೆಲಸ ಶುರುವಾದದ್ದೇ ಆಗ, ಸುಮಾರು 35ನೇ ವಯಸ್ಸಿನಲ್ಲಿ, ಕೆಳಗಿನ ದರ್ಜೆಯ ಕಾರ್ಯದರ್ಶಿಯಾಗಿ.

ಸೈನ್ಯ, ಜರ್ಮನ್ ಭಾಷೆ, ವಿಯೆನ್ನಾ. ಈ ಮೂರನ್ನೂ ಒಂದೇ ಪ್ಯಾರಾದಲ್ಲಿ ಇಡಿ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ನೇರನುಡಿ

ಹೆಸರಿನ ಬಗ್ಗೆ ಒಂದು ಮಾತು. ರಷ್ಯನ್‌ನಲ್ಲಿ ವ್ಲಾದಿಮಿರ್, ಬೆಲಾರೂಸಿಯನ್‌ನಲ್ಲಿ ಉಲಾದ್ಜಿಮಿರ್. ದೇಶಕ್ಕೆ ಎರಡೂ ಅಧಿಕೃತ ಭಾಷೆ, ಹಾಗಾಗಿ ಎರಡೂ ಸರಿ. ಯುರೋಪಿಯನ್ ಒಕ್ಕೂಟದ ಪಟ್ಟಿಗಳಲ್ಲಿ ಹೆಚ್ಚಾಗಿ ಬೆಲಾರೂಸಿಯನ್ ರೂಪವೇ ಮೊದಲು ಬರುತ್ತದೆ, ಸುದ್ದಿಸಂಸ್ಥೆಗಳಲ್ಲಿ ರಷ್ಯನ್ ರೂಪ. ಒಂದೇ ರೂಪ ಇಟ್ಟುಕೊಂಡು ಹುಡುಕಿದರೆ ಅರ್ಧ ದಾಖಲೆ ಕೈತಪ್ಪುತ್ತದೆ. ಲೇಖನದ ಮೊದಲ ಸಾಲಿನಲ್ಲಿ ಎರಡನ್ನೂ ಕೊಟ್ಟು ಆಮೇಲೆ ಒಂದನ್ನೇ ಬಳಸಿ.

ದೇಶದ ಹೆಸರಿಗೂ ಇದೇ ಮಾತು. "ಬೈಲೋರಷ್ಯಾ" ಎಂಬುದು 1991ರ ಸೆಪ್ಟೆಂಬರಿಗೆ ಮುಂಚಿನ ಹೆಸರು. ಮಕೇಯ್ ಸಚಿವರಾಗಿದ್ದ ಕಾಲಕ್ಕೆ ಅದನ್ನು ಬಳಸಬಾರದು.

ತುಂಗಾತೀರ

ಧನ್ಯವಾದ. ವಿಯೆನ್ನಾದಿಂದ ಸಚಿವ ಸ್ಥಾನದವರೆಗೆ ಕರಡಿನಲ್ಲಿ ಏನೂ ಇಲ್ಲ. ಆ ಹತ್ತೊಂಬತ್ತು ವರ್ಷಗಳಲ್ಲಿ ಬಿಡಲಾಗದ್ದು ಯಾವುದು?

ಕಡತಪ್ರಿಯ

ಎರಡು ಹುದ್ದೆ.

ಒಂದು, 1996ರಿಂದ 1999ರವರೆಗೆ ಯುರೋಪ್ ಕೌನ್ಸಿಲ್‌ನಲ್ಲಿ ಬೆಲಾರೂಸಿನ ಪ್ರತಿನಿಧಿ, ಜೊತೆಗೆ ಫ್ರಾನ್ಸಿನ ರಾಯಭಾರ ಕಚೇರಿಯಲ್ಲಿ ಸಲಹೆಗಾರ. ಯುರೋಪ್ ಕೌನ್ಸಿಲ್ ಎಂದರೆ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ಸಂಸ್ಥೆ, ಅದನ್ನು ಯುರೋಪಿಯನ್ ಒಕ್ಕೂಟದ ಜೊತೆ ಬೆರೆಸಬೇಡಿ. ಬೆಲಾರೂಸಿಗೆ ಅಲ್ಲಿ 1992ರಿಂದ "ವಿಶೇಷ ಅತಿಥಿ" ಸ್ಥಾನ ಇತ್ತು. 1996ರ ನವೆಂಬರಿನಲ್ಲಿ ಅಧ್ಯಕ್ಷ ಲುಕಶೆಂಕೊ ಜನಮತಗಣನೆ ನಡೆಸಿ ಸಂವಿಧಾನ ಬದಲಿಸಿದರು, ಚುನಾಯಿತ ಸಂಸತ್ತನ್ನು ಬದಿಗೆ ತಳ್ಳಿದರು. 1997ರ ಜನವರಿಯಲ್ಲಿ ಕೌನ್ಸಿಲ್‌ನ ಸಂಸದೀಯ ಸಭೆ ಆ ಸ್ಥಾನವನ್ನು ಅಮಾನತಿನಲ್ಲಿಟ್ಟಿತು. ಬಾಗಿಲು ಮುಚ್ಚುವ ಹೊತ್ತಿಗೆ ಸರಿಯಾಗಿ ಒಳಗೆ ಕೂತಿದ್ದವರು ಮಕೇಯ್. ಬೆಲಾರೂಸ್ ಇಂದಿಗೂ ಆ ಸಂಸ್ಥೆಯ ಸದಸ್ಯ ಅಲ್ಲ. ಮರಣದಂಡನೆ ಇನ್ನೂ ಜಾರಿಯಲ್ಲಿರುವುದು ಅದಕ್ಕೆ ದೊಡ್ಡ ಅಡ್ಡಿ.

ಎರಡು, 2000ದಿಂದ ಅಧ್ಯಕ್ಷರ ಸಹಾಯಕ, 2008ರ ಜುಲೈನಿಂದ 2012ರವರೆಗೆ ಅಧ್ಯಕ್ಷರ ಆಡಳಿತ ಕಚೇರಿಯ ಮುಖ್ಯಸ್ಥ. ಇದನ್ನು ನಮ್ಮ "ಮುಖ್ಯಮಂತ್ರಿ ಕಚೇರಿ" ಎಂದುಕೊಂಡರೆ ಅಳತೆ ತಪ್ಪುತ್ತದೆ. ಅಲ್ಲಿ ಅಧ್ಯಕ್ಷರ ಆದೇಶಗಳ ಕರಡು ಈ ಕಚೇರಿಯಲ್ಲೇ ತಯಾರಾಗುತ್ತದೆ. ದೊಡ್ಡ ಹುದ್ದೆಗೆ ಯಾರು ಎಂಬ ಪಟ್ಟಿ ಇಲ್ಲಿಂದಲೇ ಹೋಗುತ್ತದೆ, ಸಚಿವಾಲಯಗಳ ಮೇಲ್ವಿಚಾರಣೆಯೂ ಇಲ್ಲಿಂದಲೇ. ಅಲ್ಲಿಂದ ವಿದೇಶಾಂಗ ಸಚಿವರಾಗುವುದನ್ನು ಬಡ್ತಿ ಎನ್ನಬಾರದು. ಹೆಚ್ಚು ಅಧಿಕಾರದ ಜಾಗ ಬಿಟ್ಟು ಕಡಿಮೆ ಅಧಿಕಾರದ ಜಾಗಕ್ಕೆ, ಒಂದು ನಿರ್ದಿಷ್ಟ ಕೆಲಸ ಮುಗಿಸಲು ಕಳಿಸಿದ ಹಾಗೆ.

ಬಯಲುಸೀಮೆ

ಆ ನಿರ್ದಿಷ್ಟ ಕೆಲಸ ಯಾವುದು ಎನ್ನುವುದು 2012ರ ಆ ಎರಡು ತಿಂಗಳು ನೋಡಿದರೆ ಗೊತ್ತಾಗುತ್ತದೆ.

2012ರ ಫೆಬ್ರವರಿಯಲ್ಲಿ ನಿರ್ಬಂಧಗಳ ಜಗಳ ಜೋರಾಗಿ, ಯುರೋಪಿಯನ್ ಒಕ್ಕೂಟದ ದೇಶಗಳೆಲ್ಲ ಮಿನ್ಸ್ಕ್‌ನಿಂದ ತಮ್ಮ ರಾಯಭಾರಿಗಳನ್ನು ಒಟ್ಟಿಗೆ ವಾಪಸ್ ಕರೆಸಿಕೊಂಡವು. ಆಮೇಲೆ ಮರಳಿದರು. ಜುಲೈ 4ರಂದು ಸ್ವೀಡನ್ನಿನ ಒಂದು ಜಾಹೀರಾತು ಸಂಸ್ಥೆಯವರು ಲಿಥುವೇನಿಯಾ ಕಡೆಯಿಂದ ಚಿಕ್ಕ ವಿಮಾನದಲ್ಲಿ ಬಂದರು. ಪುಟ್ಟ ಪ್ಯಾರಾಚೂಟ್ ಕಟ್ಟಿದ ನೂರಾರು ಆಟಿಕೆ ಕರಡಿಗಳನ್ನು ಬೆಲಾರೂಸಿನ ನೆಲಕ್ಕೆ ಉದುರಿಸಿ ಹೋದರು. ಒಂದೊಂದು ಕರಡಿಯ ಮೇಲೂ ವಾಕ್ ಸ್ವಾತಂತ್ರ್ಯ ಕೇಳುವ ಚೀಟಿ. ವಾಯುಗಡಿ ರಕ್ಷಣೆಯ ಹೊಣೆ ಹೊತ್ತ ಜನರಲ್‌ಗಳ ಕೆಲಸ ಹೋಯಿತು. ಆಗಸ್ಟಿನಲ್ಲಿ ಸ್ವೀಡನ್ ರಾಯಭಾರಿಯ ಮಾನ್ಯತೆಯನ್ನು ಬೆಲಾರೂಸ್ ನವೀಕರಿಸಲಿಲ್ಲ. ಎರಡೂ ದೇಶಗಳ ರಾಯಭಾರ ಕಚೇರಿಗಳ ಕೆಲಸ ನಿಂತುಹೋಯಿತು. ಆಗಸ್ಟ್ 20ರಂದು ಸಚಿವ ಸೆರ್ಗೇಯ್ ಮಾರ್ತಿನೊವ್ ಅವರನ್ನು ಇಳಿಸಿ ಮಕೇಯ್ ಅವರನ್ನು ಕೂರಿಸಿದರು.

ಇದನ್ನು ಬರೆಯದೆ "2012ರಲ್ಲಿ ಸಚಿವರಾದರು" ಎಂದರೆ ಓದುಗರಿಗೆ ಏನೂ ತಿಳಿಯುವುದಿಲ್ಲ. ಅವರು ಬಂದದ್ದು ಸಂಬಂಧ ತಳ ಮುಟ್ಟಿದ ದಿನ.

ಕಡತಪ್ರಿಯ

ಬಯಲುಸೀಮೆಯವರು ಹೇಳಿದ್ದು ಅಕ್ಷರಶಃ ನಿಜ. ಇದರಲ್ಲಿ ಇನ್ನೊಂದು ಗಂಟೂ ಇದೆ. ಸಂಬಂಧ ಸರಿಪಡಿಸಲು ಕಳಿಸಿದ ಮನುಷ್ಯನಿಗೇ ಯುರೋಪಿಗೆ ಕಾಲಿಡಲು ಅನುಮತಿ ಇರಲಿಲ್ಲ. 2010ರ ಡಿಸೆಂಬರ್ 19ರ ಚುನಾವಣೆ ರಾತ್ರಿ ಮಿನ್ಸ್ಕಿನ ಚೌಕದಲ್ಲಿ ಸೇರಿದ ಜನರನ್ನು ಹೊಡೆದು ಚದುರಿಸಿದರು. ಅಭ್ಯರ್ಥಿಗಳನ್ನೇ ಜೈಲಿಗೆ ಹಾಕಿದರು. ಅವರಲ್ಲೊಬ್ಬರು ಆಂದ್ರೇಯ್ ಸಾನ್ನಿಕೊವ್, ಹಿಂದೆ ಇದೇ ಸಚಿವಾಲಯದ ಉಪಸಚಿವ, 1996ರ ಜನಮತಗಣನೆಯನ್ನು ವಿರೋಧಿಸಿ ಹುದ್ದೆ ಬಿಟ್ಟವರು. ಅಂದು ಆಡಳಿತ ಕಚೇರಿಯ ಮುಖ್ಯಸ್ಥ ಮಕೇಯ್. 2011ರ ಜನವರಿ 31ರ ಯುರೋಪಿನ ಪಟ್ಟಿಯಲ್ಲಿ ಅವರ ಹೆಸರು ಬಂತು.

ಈಗ ನಿಮ್ಮ "2013ರಲ್ಲಿ ನಿರ್ಬಂಧ ತೆಗೆದುಹಾಕಿತು" ಎಂಬ ವಾಕ್ಯಕ್ಕೆ ಬರೋಣ. ತೆಗೆದುಹಾಕಲಿಲ್ಲ, ಅಮಾನತಿನಲ್ಲಿಟ್ಟರು. ಇವೆರಡರ ನಡುವೆ ದೊಡ್ಡ ಅಂತರ. ಇಂಥ ಪಟ್ಟಿಗೆ ಹೆಸರು ಸೇರಿಸಲು, ತೆಗೆಯಲು, ಅಮಾನತಿನಲ್ಲಿಡಲು ಮೂರಕ್ಕೂ ಎಲ್ಲ ಸದಸ್ಯ ದೇಶಗಳ ಒಪ್ಪಿಗೆ ಬೇಕು, ಒಬ್ಬರು ತಲೆ ಅಲ್ಲಾಡಿಸಿದರೂ ಆಗುವುದಿಲ್ಲ. ತೆಗೆದ ಹೆಸರನ್ನು ಮತ್ತೆ ಸೇರಿಸಬೇಕಾದರೆ ಹೊಸ ನಿರ್ಣಯ, ಹೊಸ ಕಾರಣ ಬೇಕು. ಅಮಾನತಾದರೆ ಹೆಸರು ಪಟ್ಟಿಯಲ್ಲೇ ಉಳಿಯುತ್ತದೆ, ಅದರ ಪರಿಣಾಮ ಮಾತ್ರ ನಿಲ್ಲುತ್ತದೆ. 2013ರ ಜೂನ್ 24ರಂದು ಮಕೇಯ್ ಒಬ್ಬರ ಪ್ರಯಾಣ ನಿಷೇಧವನ್ನು ಮಾತ್ರ ಹೀಗೆ ನಿಲ್ಲಿಸಿದರು. ಕಾರಣವೂ ವಿದೇಶಾಂಗ ಸಚಿವರ ಜೊತೆ ಮಾತುಕತೆ ಸಾಧ್ಯವಾಗಬೇಕು ಎಂಬುದಷ್ಟೇ. ಮುಂದಿನ ತಿಂಗಳೇ ಅವರು ಬ್ರಸೆಲ್ಸ್ ಸಭೆಗೆ ಹೋದರು, ನವೆಂಬರಿನಲ್ಲಿ ವಿಲ್ನಿಯಸ್‌ನ ಪೂರ್ವ ಪಾಲುದಾರಿಕೆ (ಪೂರ್ವದ ನೆರೆ ದೇಶಗಳಿಗಾಗಿ ಯುರೋಪಿಯನ್ ಒಕ್ಕೂಟದ ಯೋಜನೆ) ಶೃಂಗಸಭೆಯಲ್ಲಿ ಬೆಲಾರೂಸಿನ ಕುರ್ಚಿಯಲ್ಲಿ ಕೂತರು. ಅಧ್ಯಕ್ಷರು ಹೋಗುವಂತಿರಲಿಲ್ಲ.

ಪೂರ್ತಿ ಬಿಡುಗಡೆ ಸಿಕ್ಕಿದ್ದು ಬಹಳ ಆಮೇಲೆ. 2015ರ ಆಗಸ್ಟ್ 22ರಂದು 2010ರ ಅಭ್ಯರ್ಥಿ ಮಿಕೋಲಾ ಸ್ತಾತ್ಕೆವಿಚ್ ಸೇರಿ ಆರು ರಾಜಕೀಯ ಕೈದಿಗಳು ಹೊರಬಂದರು. ಅಕ್ಟೋಬರ್ ಕೊನೆಯಲ್ಲಿ ಅಧ್ಯಕ್ಷರೂ ಸೇರಿ 170 ಜನರ ಮೇಲಿನ ನಿರ್ಬಂಧ ನಾಲ್ಕು ತಿಂಗಳಿಗೆ ಅಮಾನತಾಯಿತು. 2016ರ ಫೆಬ್ರವರಿ ಕೊನೆಗೆ ಅವು ರದ್ದಾದವು. ನಾಲ್ಕು ಹೆಸರು ಮಾತ್ರ ಉಳಿದವು, 1999–2000ದಲ್ಲಿ ಜನ ಕಾಣೆಯಾದ ಪ್ರಕರಣಗಳಿಗೆ ಸಂಬಂಧಿಸಿದವು.

ಹಾಗಾಗಿ ಲೇಖನದಲ್ಲಿ 2013 ಅಮಾನತು, 2016 ರದ್ದು ಎಂದು ಬರೆಯಿರಿ. ನಡುವಿನ ಆರು ಕೈದಿಗಳನ್ನು ದಯವಿಟ್ಟು ಬಿಡಬೇಡಿ. ಇಡೀ ವ್ಯವಹಾರಕ್ಕೆ ತೆತ್ತ ಬೆಲೆ ಅವರ ಬಿಡುಗಡೆ.

ಭೂಪಟ

ಪೂರ್ವ ಉಕ್ರೇನಿನ ಕದನ ನಿಲ್ಲಿಸಲು ಮಾಡಿದ ಮಿನ್ಸ್ಕ್ ಒಪ್ಪಂದಕ್ಕೆ ಮಕೇಯ್ ಸಹಿ ಹಾಕಿಲ್ಲ. ಈ ತಪ್ಪು ಎಷ್ಟೋ ಕಡೆ ಇದೆ.

2015ರ ಫೆಬ್ರವರಿ 11ರ ಸಂಜೆಯಿಂದ 12ರ ಬೆಳಗಿನವರೆಗೆ, ಸುಮಾರು ಹದಿನಾರು ಗಂಟೆ, ಮಿನ್ಸ್ಕಿನ ಸ್ವಾತಂತ್ರ್ಯ ಅರಮನೆಯಲ್ಲಿ ಜರ್ಮನಿಯ ಮರ್ಕೆಲ್, ಫ್ರಾನ್ಸಿನ ಒಲಾಂದ್, ರಷ್ಯಾದ ಪುಟಿನ್, ಉಕ್ರೇನಿನ ಪೊರೊಶೆಂಕೊ ಮಾತುಕತೆ ನಡೆಸಿದರು. ಆ ನಾಲ್ವರೂ 13 ಅಂಶಗಳ ಪತ್ರಕ್ಕೆ ಸಹಿ ಮಾಡಲಿಲ್ಲ. ಸಹಿ ಹಾಕಿದ್ದು ಸಂಪರ್ಕ ಗುಂಪಿನವರು: ಯುರೋಪಿನ ಭದ್ರತೆ ಮತ್ತು ಸಹಕಾರ ಸಂಸ್ಥೆಯ ಪರ ಹೈದಿ ತಾಲ್ಯಾವಿನಿ, ಉಕ್ರೇನಿನ ಲಿಯೊನಿದ್ ಕುಚ್ಮಾ, ರಷ್ಯಾದ ರಾಯಭಾರಿ ಜುರಾಬೊವ್, ಜೊತೆಗೆ ದೊನೆತ್ಸ್ಕ್ ಮತ್ತು ಲುಹಾನ್ಸ್ಕಿನ ಪ್ರತ್ಯೇಕತಾವಾದಿ ನಾಯಕರಾದ ಜಖಾರ್ಚೆಂಕೊ, ಪ್ಲೊತ್ನಿತ್ಸ್ಕಿ. ಬೆಲಾರೂಸ್ ಎಲ್ಲೂ ಪಕ್ಷಗಾರ ಅಲ್ಲ. 2014ರ ಸೆಪ್ಟೆಂಬರ್ 5ರ ಮೊದಲ ಪತ್ರದಲ್ಲೂ ಅಷ್ಟೇ.

ಅಂದರೆ ಬೆಲಾರೂಸಿನದು ಮನೆ ಯಜಮಾನನ ಕೆಲಸ. ಅದು ಸಣ್ಣದಲ್ಲ. ಕದನ ನಡೆಸುತ್ತಿರುವ ಎರಡೂ ಕಡೆಯವರು ಹೆದರದೆ ಬಂದಿಳಿಯುವ ವಿಮಾನ ನಿಲ್ದಾಣ, ಪ್ರತಿ ನಿಯೋಗಕ್ಕೂ ಬೇರೆ ಕೋಣೆ, ಅನುವಾದಕರು, ಭದ್ರತೆ, ನೂರಾರು ಪತ್ರಕರ್ತರಿಗೆ ಜಾಗ. ಉಕ್ರೇನಿನ ಕ್ರಿಮಿಯಾವನ್ನು ರಷ್ಯಾ ವಶಪಡಿಸಿಕೊಂಡ ಮೇಲೆ ಮಿನ್ಸ್ಕ್ ರಷ್ಯಾದ ಸಾಲಿನಲ್ಲಿ ಪೂರ್ತಿ ನಿಲ್ಲದೆ ಉಳಿದದ್ದರಿಂದಲೇ ಈ ಅವಕಾಶ ಸಿಕ್ಕಿತು. ಮರ್ಕೆಲ್ ಮಿನ್ಸ್ಕಿಗೆ ಬಂದಿಳಿದ ಆ ಒಂದು ರಾತ್ರಿ ನಿರ್ಬಂಧದ ಪಟ್ಟಿಯನ್ನು ಸಡಿಲಿಸಿದಷ್ಟು ಬೇರೇನೂ ಸಡಿಲಿಸಲಿಲ್ಲ ಎಂಬುದು ನನ್ನ ಅಭಿಪ್ರಾಯ.

ನೇರನುಡಿ

ಒಪ್ಪುತ್ತೇನೆ. ಆದರೆ ಅದರ ಶ್ರೇಯಸ್ಸು ಮಕೇಯ್‌ಗೆ ಎಷ್ಟು? ನೀತಿ ಅಧ್ಯಕ್ಷರದು, ಇವರು ನಡೆಸಿಕೊಟ್ಟವರು. ಅಲ್ಲವೇ?

ಭೂಪಟ

ನಡೆಸಿಕೊಡುವುದರಲ್ಲೇ ಅವರ ಕೈಚಳಕ. ಅಮೆರಿಕದ ವಿಷಯ ನೋಡಿ. 2008ರಲ್ಲಿ ಅಮೆರಿಕದ ರಾಯಭಾರಿ ಹೊರಟುಹೋದರು, ಕಚೇರಿಯ ಅಧಿಕಾರಿಗಳ ಸಂಖ್ಯೆ ಐದಕ್ಕೆ ಇಳಿಯಿತು. ಹನ್ನೊಂದು ವರ್ಷ ಹಾಗೇ ಇತ್ತು. 2019ರ ಸೆಪ್ಟೆಂಬರಿನಲ್ಲಿ ಉಪಕಾರ್ಯದರ್ಶಿ ಡೇವಿಡ್ ಹೇಲ್ ಬಂದಾಗ ರಾಯಭಾರಿಗಳನ್ನು ಮತ್ತೆ ನೇಮಿಸಲು ಒಪ್ಪಂದವಾಯಿತು. 2020ರ ಫೆಬ್ರವರಿ 1ರಂದು ಅಮೆರಿಕದ ವಿದೇಶಾಂಗ ಸಚಿವ ಪಾಂಪಿಯೊ ಸ್ವತಃ ಮಿನ್ಸ್ಕಿಗೆ ಬಂದರು. ಈ ದಾರಿಯ ಒಂದೊಂದು ಕಲ್ಲನ್ನೂ ಇಟ್ಟವರು ವಿದೇಶಾಂಗ ಸಚಿವಾಲಯದವರು.

ಹೊರನಾಡು

ವೀಸಾ ವಿಷಯವನ್ನು ಯಾರೂ ಎತ್ತಿಲ್ಲ. ಮಕೇಯ್ ಕಾಲದ ಕೆಲಸಗಳಲ್ಲಿ ಜನಸಾಮಾನ್ಯರ ಕೈಗೆ ಸಿಕ್ಕಿದ್ದು ಅದೇ, ಭಾರತೀಯರಿಗೂ ಸಂಬಂಧಿಸಿದ್ದು.

2017ರ ಜನವರಿಯ 8ನೇ ಸಂಖ್ಯೆಯ ಆದೇಶ ಫೆಬ್ರವರಿ 12ರಿಂದ ಜಾರಿಗೆ ಬಂತು: 80 ದೇಶಗಳ ನಾಗರಿಕರು ವೀಸಾ ಇಲ್ಲದೆ ಐದು ದಿನ ಇರಬಹುದು. ಬರುವುದೂ ಹೋಗುವುದೂ ಮಿನ್ಸ್ಕ್ ವಿಮಾನ ನಿಲ್ದಾಣದಿಂದಲೇ ಆಗಬೇಕು. ಕೈಯಲ್ಲಿ ಪಾಸ್‌ಪೋರ್ಟ್, ಕನಿಷ್ಠ 10,000 ಯೂರೊ ಮೊತ್ತದ ವೈದ್ಯಕೀಯ ವಿಮೆ, ದಿನಕ್ಕೆ ಸುಮಾರು 25 ಯೂರೊ ಲೆಕ್ಕದಲ್ಲಿ ಖರ್ಚಿನ ಹಣ ಇರಬೇಕು. ಭಾರತ ಈ ಪಟ್ಟಿಯಲ್ಲಿತ್ತು, ಆದರೆ ಚೀನಾ, ವಿಯೆಟ್ನಾಂ, ಲೆಬನಾನ್ ಜೊತೆ ಸೇರಿಸಿದ ಷರತ್ತಿನ ಗುಂಪಿನಲ್ಲಿ. ಚಾಲ್ತಿಯಲ್ಲಿರುವ ಬಹುಪ್ರವೇಶದ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ) ಅಥವಾ ಯುರೋಪಿಯನ್ ಒಕ್ಕೂಟದ ವೀಸಾ ಇರಬೇಕು, ಅದರಲ್ಲಿ ಒಮ್ಮೆ ಪ್ರವೇಶಿಸಿದ ಮುದ್ರೆ ಇರಬೇಕು, ವಾಪಸ್ ಟಿಕೆಟ್ ಇರಬೇಕು. 2018ರ ಜುಲೈ 27ರಿಂದ ಐದು ದಿನ 30 ದಿನವಾಯಿತು.

ಜನ ಎಡವುತ್ತಿದ್ದದ್ದು ಎರಡು ಕಡೆ. ಒಂದು, ದಿನದ ಲೆಕ್ಕ. ರಾತ್ರಿ 11 ಗಂಟೆಗೆ ಇಳಿದರೂ ಅದು ಮೊದಲ ದಿನವೇ. ಎರಡು, ಮಾಸ್ಕೊ ದಾರಿ. ರಷ್ಯಾ ಮತ್ತು ಬೆಲಾರೂಸ್ ನಡುವಿನ ವಿಮಾನಗಳನ್ನು ಒಳನಾಡಿನ ಹಾರಾಟದಂತೆ ನೋಡುತ್ತಿದ್ದರು, ಅಲ್ಲಿ ಗಡಿ ತಪಾಸಣೆ ಇರಲಿಲ್ಲ. ಹಾಗಾಗಿ ಮಾಸ್ಕೊದಿಂದ ಬಂದವರಿಗೆ, ಮಾಸ್ಕೊಗೆ ಹೊರಟವರಿಗೆ ಈ ಸೌಲಭ್ಯ ಅನ್ವಯಿಸುತ್ತಿರಲಿಲ್ಲ. ಭೂಗಡಿ ಮೂಲಕ ಬಂದವರಿಗೂ ಇಲ್ಲ. ಇದೆಲ್ಲ ಆ ಕಾಲದ ನಿಯಮ, ಈಗ ಹೊರಡುವವರು ಇದನ್ನು ನಂಬಿ ಟಿಕೆಟ್ ತೆಗೆಯಬೇಡಿ.

ತುಂಗಾತೀರ

ತುಂಬಾ ಉಪಯುಕ್ತ ಮೇಡಂ. ಇದು ಒಂದು ಕಡೆಯ ಸಡಿಲಿಕೆ. ಬೆಲಾರೂಸಿನವರಿಗೆ ಯುರೋಪ್ ಕಡೆಯಿಂದ ಏನು ಸಿಕ್ಕಿತು?

ಕಡತಪ್ರಿಯ

ಅಲ್ಲಿಯೇ ನಿಜವಾದ ಕಷ್ಟ ಇದ್ದದ್ದು.

ವೀಸಾ ಸಡಿಲಿಕೆ ಒಪ್ಪಂದ ಬೇಕೆಂದರೆ ಅದರ ಜೋಡಿಯಾಗಿ ಮರುಸ್ವೀಕಾರ ಒಪ್ಪಂದಕ್ಕೂ ಒಪ್ಪಬೇಕು. ಬೆಲಾರೂಸ್ ಮೂಲಕ ಯುರೋಪಿಗೆ ಅಕ್ರಮವಾಗಿ ನುಸುಳಿದವರನ್ನು, ಬೇರೆ ದೇಶದವರಾದರೂ, ಬೆಲಾರೂಸ್ ವಾಪಸ್ ತೆಗೆದುಕೊಳ್ಳಬೇಕು ಎನ್ನುವುದು ಅದರ ತಿರುಳು. ಯುರೋಪ್ ಒಂದನ್ನು ಬಿಟ್ಟು ಇನ್ನೊಂದನ್ನು ಕೊಡುವುದಿಲ್ಲ. 2014ರಲ್ಲಿ ಮಾತುಕತೆ ಶುರುವಾಗಿ, ಸಹಿಯಾಗಿದ್ದು 2020ರ ಜನವರಿ 8ರಂದು, ಎರಡಕ್ಕೂ ಒಂದೇ ದಿನ. ಜಾರಿಗೆ ಬಂದದ್ದು ಅದೇ ವರ್ಷದ ಜುಲೈ 1ರಂದು. ಆ ವರ್ಷದ ಫೆಬ್ರವರಿಯಲ್ಲಷ್ಟೇ ಷೆಂಗೆನ್ ವೀಸಾ ಶುಲ್ಕ 60ರಿಂದ 80 ಯೂರೊಗೆ ಏರಿತ್ತು. ಒಪ್ಪಂದದಿಂದ ಬೆಲಾರೂಸಿನವರಿಗೆ ಅದು 35 ಆಯಿತು. ಗಡಿಯಾಚೆ ನೆಂಟರಿರುವ ಗ್ರೋದ್ನೊದ ಒಂದು ಕುಟುಂಬದಲ್ಲಿ ನಾಲ್ಕು ಜನ ಅರ್ಜಿ ಹಾಕಿದರೆ 320 ಯೂರೊ ಬದಲು 140. ಇದು ಸಂಬಳ ನೋಡಿಕೊಂಡು ಬದುಕುವವರಿಗೆ ದೊಡ್ಡ ಮೊತ್ತ.

ಇದಕ್ಕಿಂತ ಮೇಲೆ ಹೋಗಲು ಆಗದೇ ಇದ್ದದ್ದಕ್ಕೂ ಕಾರಣ ಇದೆ. ಯುರೋಪಿಯನ್ ಒಕ್ಕೂಟದ ಜೊತೆ 1995ರಲ್ಲಿ ಸಹಿಯಾದ ಪಾಲುದಾರಿಕೆ ಒಪ್ಪಂದ ಅನುಮೋದನೆ ಆಗದೆ ಹಾಗೇ ಬಿತ್ತು, 1996ರ ಜನಮತಗಣನೆಯ ಫಲ. ಹಾಗಾಗಿ ಸಂಬಂಧಕ್ಕೆ ಕಾನೂನಿನ ಬುನಾದಿಯೇ ಇರಲಿಲ್ಲ. ಅದರ ಬದಲಿಗೆ "ಪಾಲುದಾರಿಕೆಯ ಆದ್ಯತೆಗಳು" ಎಂಬ ಪತ್ರ ಮಾಡೋಣ ಎಂದು ಹೊರಟರು. ಅದು ಅಸ್ತ್ರಾವೆತ್ಸ್ ಅಣುವಿದ್ಯುತ್ ಸ್ಥಾವರದ ಮೇಲೆ ಲಿಥುವೇನಿಯಾದ ತಕರಾರಿಗೆ ಸಿಕ್ಕಿಕೊಂಡಿತು. ಸ್ಥಾವರ ಇರುವುದು ವಿಲ್ನಿಯಸ್‌ನಿಂದ ಸುಮಾರು 50 ಕಿ.ಮೀ. ದೂರದಲ್ಲಿ. ಎಲ್ಲರ ಒಪ್ಪಿಗೆ ಬೇಕು ಎಂಬ ಅದೇ ನಿಯಮ ಇಲ್ಲೂ ಅಡ್ಡ ಬಂತು.

ಅಡಿಕೆತೋಟ

ನಮ್ಮ ಕಡೆ ತೋಟಕ್ಕೆ ಹಾಕುವ ಪೊಟ್ಯಾಷ್ ಬೆಲಾರೂಸಿನದು ಎನ್ನುತ್ತಾರೆ. ಅದಕ್ಕೂ ಈ ನಿರ್ಬಂಧಗಳಿಗೂ ಸಂಬಂಧ ಇದೆಯೇ?

ಭೂಪಟ

ನೇರ ಸಂಬಂಧ ಇದೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಭಾರತಕ್ಕೆ ಬೇಕಾದದ್ದು ಪೂರ್ತಿ ಆಮದು. ಬೆಲಾರೂಸಿನ ಸಲಿಗೊರ್ಸ್ಕ್ ಗಣಿಗಳು ಅದರ ಒಂದು ದೊಡ್ಡ ಮೂಲ. ಆ ದೇಶಕ್ಕೆ ಸಮುದ್ರ ಇಲ್ಲ, ಸರಕು ರೈಲಿನಲ್ಲಿ ಲಿಥುವೇನಿಯಾದ ಕ್ಲೈಪೆದಾ ಬಂದರಿಗೆ ಹೋಗಿ ಅಲ್ಲಿಂದ ಹಡಗು ಹತ್ತುತ್ತಿತ್ತು. 2021ರಲ್ಲಿ ಯುರೋಪ್ ಮತ್ತು ಅಮೆರಿಕ ಪೊಟ್ಯಾಷ್ ವಲಯಕ್ಕೆ ನಿರ್ಬಂಧ ಹಾಕಿದವು. 2022ರ ಫೆಬ್ರವರಿ 1ರಿಂದ ಲಿಥುವೇನಿಯಾ ಆ ರೈಲುದಾರಿಯನ್ನೇ ನಿಲ್ಲಿಸಿತು. ಸರಕು ರಷ್ಯಾದ ಬಂದರುಗಳ ಕಡೆ ತಿರುಗಬೇಕಾಯಿತು. ಅಂದರೆ ಪಶ್ಚಿಮದ ಬಾಗಿಲು ಮುಚ್ಚಿದಾಗ ಬೆಲಾರೂಸಿನ ಮುಖ್ಯ ಸಂಪಾದನೆಯ ದಾರಿಯೂ ರಷ್ಯಾದ ಕೈಗೆ ಹೋಯಿತು. ಮಕೇಯ್ ಎಂಟು ವರ್ಷ ತಪ್ಪಿಸಲು ನೋಡಿದ್ದು ಇದನ್ನೇ.

ಬಯಲುಸೀಮೆ

ಈಗ 2020ಕ್ಕೆ ಬರೋಣ. "ಆಮೇಲೆ ರಷ್ಯಾ ಪರ ನಿಂತರು" ಎಂಬ ಒಂದು ಸಾಲಿನಲ್ಲಿ ಮುಗಿಸುವ ವಿಷಯ ಇದಲ್ಲ.

ಆಗಸ್ಟ್ 9ರ ಚುನಾವಣೆಯ ನಂತರ ಬೀದಿಗಿಳಿದವರ ಮೇಲೆ ನಡೆದ ಹಿಂಸೆ ಲೋಕಕ್ಕೇ ಗೊತ್ತು. ಆ ವಾರ ವಿದೇಶಾಂಗ ಸೇವೆಯ ಪ್ರತಿಯೊಬ್ಬರ ಮುಂದೆ ಒಂದು ಪ್ರಶ್ನೆ ಇತ್ತು. ಸ್ಲೊವಾಕಿಯಾದಲ್ಲಿದ್ದ ರಾಯಭಾರಿ ಇಗೊರ್ ಲೆಶ್ಚೇನ್ಯಾ ಪ್ರತಿಭಟನಕಾರರ ಪರ ವಿಡಿಯೊ ಹಾಕಿ, ರಾಜೀನಾಮೆ ಕೊಟ್ಟರು. ಪಾವೆಲ್ ಲಾತುಷ್ಕ, ಪೋಲೆಂಡ್ ಮತ್ತು ಫ್ರಾನ್ಸಿನಲ್ಲಿ ರಾಯಭಾರಿಯಾಗಿದ್ದವರು, ಸಂಸ್ಕೃತಿ ಸಚಿವರೂ ಆಗಿದ್ದವರು, ಆಗ ಯಾಂಕಾ ಕುಪಾಲಾ ರಾಷ್ಟ್ರೀಯ ರಂಗಮಂದಿರದ ನಿರ್ದೇಶಕ. ಜನರ ಪರ ಮಾತಾಡಿದ್ದಕ್ಕೆ ಆಗಸ್ಟ್ 17ರಂದು ಕೆಲಸ ಹೋಯಿತು. ಕಲಾವಿದರು ಸಾಮೂಹಿಕವಾಗಿ ರಾಜೀನಾಮೆ ಬರೆದರು. 2023ರಲ್ಲಿ ಅವರಿಲ್ಲದೆಯೇ ವಿಚಾರಣೆ ನಡೆಸಿ 18 ವರ್ಷ ಶಿಕ್ಷೆ ಕೊಟ್ಟರು.

ಮಕೇಯ್ ಉಳಿದರು. ಉಳಿದದ್ದಷ್ಟೇ ಅಲ್ಲ, ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ಹೊರಗಿನ ಹಸ್ತಕ್ಷೇಪದ ಮೇಲೆ ಗುಡುಗಿದರು. ಅಕ್ಟೋಬರಿನಲ್ಲಿ ಲಿಥುವೇನಿಯಾ ತನ್ನ ಸಿಬ್ಬಂದಿಯನ್ನು 25ರಿಂದ 14ಕ್ಕೆ, ಪೋಲೆಂಡ್ 50ರಿಂದ 18ಕ್ಕೆ ಇಳಿಸಬೇಕು ಎಂದು ಅವರ ಸಚಿವಾಲಯವೇ ಹೇಳಿತು. 2021ರ ಏಪ್ರಿಲಿನಲ್ಲಿ, ನಿರ್ಬಂಧ ಬಿಗಿಯಾದರೆ ನಾಗರಿಕ ಸಂಘಟನೆಗಳೇ ಉಳಿಯುವುದಿಲ್ಲ ಎಂಬರ್ಥದ ಮಾತಾಡಿದರು. ಜುಲೈನಲ್ಲಿ ಅಂಥ ಸಂಘಟನೆಗಳನ್ನು ಸಾಲುಸಾಲಾಗಿ ಮುಚ್ಚಿಸಿದರು. ಆಗಸ್ಟಿನಲ್ಲಿ ಅಮೆರಿಕದ ಹೊಸ ರಾಯಭಾರಿ ಜೂಲಿ ಫಿಶರ್ ಅವರಿಗೆ ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆದು, ಅಮೆರಿಕದ ಕಚೇರಿಯ ಸಂಖ್ಯೆ ಮತ್ತೆ ಐದಕ್ಕೆ ಇಳಿಯಬೇಕು ಎಂದರು. 2008ರ ಅದೇ ಐದು.

ನೇರನುಡಿ

ಆ "ಐದು" ಓದಿ ಸಂಕಟವಾಯಿತು. ತಾನು ಕಟ್ಟಿದ್ದನ್ನು ತನ್ನ ಸಹಿಯಿಂದಲೇ ಕೆಡವುವ ಸ್ಥಿತಿ. ಆದರೂ ಅವರು ಒಳಗಿದ್ದದ್ದರಿಂದ ಒಂದು ಕಿಟಕಿಯಾದರೂ ತೆರೆದಿತ್ತು ಎಂದು ಹೇಳುವವರಿದ್ದಾರೆ. ಅದನ್ನು ಬರೆಯಬಾರದೇ?

ಬಯಲುಸೀಮೆ

ಬರೆಯಿರಿ. ಆದರೆ ಜೊತೆಗೆ 2022ರ ಫೆಬ್ರವರಿ 16ನ್ನೂ ಬರೆಯಿರಿ. ಜಂಟಿ ಸಮರಾಭ್ಯಾಸ ಮುಗಿದ ಮೇಲೆ ಒಬ್ಬ ರಷ್ಯನ್ ಸೈನಿಕನೂ, ಒಂದು ಯುದ್ಧಸಾಮಗ್ರಿಯೂ ಬೆಲಾರೂಸಿನಲ್ಲಿ ಉಳಿಯುವುದಿಲ್ಲ ಎಂದು ಅವರು ಸಾರ್ವಜನಿಕವಾಗಿ ಹೇಳಿದರು. 20ರಂದು ಅಭ್ಯಾಸ ಮುಂದುವರಿಯುತ್ತದೆ ಎಂದು ರಕ್ಷಣಾ ಸಚಿವರು ಪ್ರಕಟಿಸಿದರು. 24ರಂದು ಅದೇ ನೆಲದಿಂದ ಸೈನ್ಯ ಕೀವ್ ಕಡೆ ನುಗ್ಗಿತು. ಅವರಿಗೆ ಗೊತ್ತಿದ್ದು ಹೇಳಿದರೋ, ಗೊತ್ತಿಲ್ಲದೆ ಹೇಳಿದರೋ, ಎರಡರಲ್ಲಿ ಯಾವುದಾದರೂ ವಿದೇಶಾಂಗ ಸಚಿವರ ಮಾತಿಗೆ ಬೆಲೆ ಉಳಿಯುವುದಿಲ್ಲ. ಈ ಕಸುಬಿನಲ್ಲಿ ಬಂಡವಾಳ ಅಂತ ಇರುವುದು ಮಾತೊಂದೇ.

ಕಡತಪ್ರಿಯ

ಬಯಲುಸೀಮೆಯವರ ತೀರ್ಪು ಕಠಿಣ, ಆದರೆ ದಾಖಲೆ ಅವರ ಕಡೆಯೇ ಇದೆ. ಅಧ್ಯಕ್ಷರು ಬಾಗಿಲು ತೆರೆಯಲು ಬಿಟ್ಟಷ್ಟು ಕಾಲ ಮಕೇಯ್ ಬಹಳ ಸಮರ್ಥವಾಗಿ ತೆರೆದರು. ಮುಚ್ಚು ಎಂದಾಗ ಅಷ್ಟೇ ಸಮರ್ಥವಾಗಿ ಮುಚ್ಚಿದರು. ಹಾಗಾಗಿ "ಪಶ್ಚಿಮದ ಪರ, ಆಮೇಲೆ ರಷ್ಯಾ ಪರ" ಎನ್ನುವುದು ಸರಿಯಾದ ವಿವರಣೆಯಲ್ಲ. ಕೊನೆಯವರೆಗೂ ಅವರು ಒಬ್ಬರ ಪರವೇ ಇದ್ದರು.

2022ರ ಫೆಬ್ರವರಿ 28ರಂದು ಗೋಮೆಲ್ ಪ್ರಾಂತ್ಯದಲ್ಲಿ ರಷ್ಯಾ ಮತ್ತು ಉಕ್ರೇನ್ ನಿಯೋಗಗಳ ಮೊದಲ ಭೇಟಿಗೆ ಸ್ವಾಗತ ಹೇಳಿದವರು ಮಕೇಯ್. ಏಳು ವರ್ಷದ ಹಿಂದೆ ಮಾಡಿದ್ದೂ ಆತಿಥ್ಯವೇ. ಆಗ ಬೆಲಾರೂಸಿನಿಂದ ಗುಂಡು ಹಾರುತ್ತಿರಲಿಲ್ಲ. ಮೂರನೇ ಸುತ್ತಿನ ನಂತರ ಮಾತುಕತೆ ಇಸ್ತಾಂಬುಲ್‌ಗೆ ಹೋಯಿತು.

ತುಂಗಾತೀರ

ನಿಧನದ ಬಗ್ಗೆ ಹೇಗೆ ಬರೆಯಲಿ? ವಿಷಪ್ರಾಶನ ಇತ್ಯಾದಿ ಊಹೆಗಳು ಬಹಳ ಕಡೆ ಇವೆ.

ಕಡತಪ್ರಿಯ

2022ರ ನವೆಂಬರ್ 26, ಮಿನ್ಸ್ಕ್, ವಯಸ್ಸು 64. ಸರ್ಕಾರಿ ಪ್ರಕಟಣೆ ಹಠಾತ್ ನಿಧನ ಎಂದಷ್ಟೇ ಹೇಳಿತು. ಅದನ್ನೇ ಹಾಗೆಯೇ ಬರೆಯಿರಿ, ಊಹೆಗಳಿಗೆ ಒಂದು ಸಾಲೂ ಕೊಡಬೇಡಿ. ಸುತ್ತಲಿನ ಎರಡು ಸಂಗತಿಗಳನ್ನು ಮಾತ್ರ ಸೇರಿಸಬಹುದು: ಹಿಂದಿನ ದಿನ ಅವರು ವ್ಯಾಟಿಕನ್‌ನ ರಾಯಭಾರಿಯನ್ನು ಭೇಟಿಯಾಗಿದ್ದರು. ಎರಡು ದಿನ ಬಿಟ್ಟು ರಷ್ಯಾದ ವಿದೇಶಾಂಗ ಸಚಿವ ಲಾವ್ರೊವ್ ಬರುವುದಿತ್ತು. ಡಿಸೆಂಬರಿನಲ್ಲಿ ಸೆರ್ಗೇಯ್ ಅಲೇಯ್ನಿಕ್ ಸಚಿವರಾದರು.

ತುಂಗಾತೀರ

ಕರಡು ತಿದ್ದಿದ್ದೇನೆ. ಕೊನೆಯ ಪ್ಯಾರಾ ಹೀಗಿದೆ: "ಅವರ ಕಾಲದ ಬಹುತೇಕ ಸಾಧನೆಗಳು 2021ರ ಹೊತ್ತಿಗೆ ಕುಸಿದವು. ಜೂನ್ 28ರಂದು ಬೆಲಾರೂಸ್ ಪೂರ್ವ ಪಾಲುದಾರಿಕೆಯಲ್ಲಿ ತಾನು ಭಾಗವಹಿಸುವುದನ್ನು ಅಮಾನತಿನಲ್ಲಿಟ್ಟಿತು, ಮರುಸ್ವೀಕಾರ ಒಪ್ಪಂದವನ್ನು ಅಮಾನತಿನಲ್ಲಿಡುವ ಪ್ರಕ್ರಿಯೆ ಆರಂಭಿಸಿತು. ನವೆಂಬರಿನಲ್ಲಿ ಯುರೋಪಿಯನ್ ಒಕ್ಕೂಟ ವೀಸಾ ಸಡಿಲಿಕೆ ಒಪ್ಪಂದವನ್ನು ರದ್ದು ಮಾಡಿತು."

ಹೊರನಾಡು

ಕೊನೆಯ ವಾಕ್ಯ ತಿದ್ದಬೇಕು ಸರ್. ರದ್ದಲ್ಲ, ಭಾಗಶಃ ಅಮಾನತು. 2021ರ ನವೆಂಬರ್ 9ರ ನಿರ್ಣಯ ಅನ್ವಯಿಸಿದ್ದು ಸರ್ಕಾರಿ ನಿಯೋಗದವರಿಗೆ, ಸಂಸದರಿಗೆ, ಉನ್ನತ ನ್ಯಾಯಾಲಯದವರಿಗೆ ಇದ್ದ ಸೌಲಭ್ಯಗಳಿಗೆ ಮಾತ್ರ. ಸಾಮಾನ್ಯ ನಾಗರಿಕರ ಭಾಗವನ್ನು ಮುಟ್ಟಲಿಲ್ಲ. ಗ್ರೋದ್ನೊದ ಆ ಕುಟುಂಬ ಆಮೇಲೂ ತಲೆಗೆ 35 ಯೂರೊ ಕೊಟ್ಟೇ ಅರ್ಜಿ ಹಾಕಬಹುದಿತ್ತು.

ತುಂಗಾತೀರ

ತಿದ್ದಿದೆ. "ರದ್ದು ಮಾಡಿತು" ತೆಗೆದು "ಅಧಿಕಾರಿಗಳ ಮಟ್ಟಿಗೆ ಅಮಾನತಿನಲ್ಲಿಟ್ಟಿತು, ಸಾಮಾನ್ಯ ನಾಗರಿಕರ 35 ಯೂರೊ ಶುಲ್ಕ ಹಾಗೇ ಉಳಿಯಿತು" ಎಂದು ಹಾಕಿದ್ದೇನೆ.